ಖಾಲಿ ಜೀನಿನ ಭಾರ

ನಮ್ಮ ಹೊಲವನ್ನು ಊರವರು ಕುದುರೆ ತೋಟ ಎನ್ನುತ್ತಾರೆ. ಮದುವೆ ಮೆರವಣಿಗೆಗೆ ಕುದುರೆ ಗೊತ್ತು ಮಾಡಲು ಹರಪನಹಳ್ಳಿ, ಹಡಗಲಿ ಕಡೆಯಿಂದ ಬರುವವರು ಕುದುರೆ ಫಾರಂ ಎನ್ನುತ್ತಾರೆ. ನಾವು ಮಾತ್ರ ಲಾಯ ಎನ್ನುತ್ತೇವೆ. ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ ಹೋಗುವ ದಾರಿಯಲ್ಲಿ ಎಡಕ್ಕೆ ಹೊರಳಿ ಜಾಲಿ ಸಾಲು ದಾಟಿದರೆ ಸಿಗುವ ಒಂದು ತುಂಡು ಹೊಲ, ತಗಡು ಹೊದಿಸಿದ ಲಾಯ, ಅದರಲ್ಲಿ ಐದು ಕುದುರೆ, ಪಕ್ಕದಲ್ಲಿ ಮನೆ. ಇಷ್ಟಕ್ಕೇ ಫಾರಂ ಎಂದರೆ ನನಗೆ ನಗು ಬರುತ್ತದೆ. ಭಾನುವಾರ ಮೊಬೈಲು ಹಿಡಿದು ಬರುವ ಜೋಡಿಗಳು ಲದ್ದಿಯ ವಾಸನೆಗೆ ಮೂಗು ಮುಚ್ಚಿಕೊಂಡೇ ಕುದುರೆಯ ಕೊರಳು ತಬ್ಬಿ ಫೋಟೊ ತೆಗೆಸಿಕೊಳ್ಳುತ್ತಾರೆ. ಅಂಥವರಿಗೆ ನಾನು ಚಹಾ ಕೊಡುವುದಿಲ್ಲ.

ಶರತ್ಕಾಲ ಎಂಬ ಮಾತನ್ನು ನಾನು ಶಾಲೆಯ ಪುಸ್ತಕದಲ್ಲಷ್ಟೇ ಓದಿದ್ದು. ನಮ್ಮಲ್ಲಿ ಅದು ಮಹಾನವಮಿಯಿಂದ ದೀಪಾವಳಿಯವರೆಗಿನ ದಿನಗಳು. ಮೆಕ್ಕೆಜೋಳ ಮುರಿದು ರಸ್ತೆಗೆ ಹರವುತ್ತಾರೆ, ಶೇಂಗಾ ಹೊಟ್ಟು ಬಣವೆ ಸೇರುತ್ತದೆ, ಕುದುರೆಗಳ ಮೈಕೂದಲು ಚಳಿಗೆ ದಟ್ಟವಾಗುತ್ತದೆ. ಬೆಳಿಗ್ಗೆ ಹೊಲದ ಮೇಲೆ ಮಂಜು ಕೂರುತ್ತದೆ, ಅದೂ ಮೊಣಕಾಲೆತ್ತರಕ್ಕೆ ಮಾತ್ರ. ಕುದುರೆಗಳ ತಲೆ, ಬೆನ್ನು, ಹೊಟ್ಟೆ ಕಾಣುತ್ತವೆ, ಕಾಲು ಕಾಣುವುದಿಲ್ಲ. ಸದ್ದಿಲ್ಲದೆ ಅತ್ತಿತ್ತ ತೇಲುತ್ತವೆ. ಮದುವೆಯಾಗಿ ಬಂದ ಮೊದಲ ವರ್ಷ ಆ ನೋಟ ಕಂಡು ಕೊಡ ಅಲ್ಲೇ ಬಿಟ್ಟು ಒಳಗೆ ಓಡಿಬಂದಿದ್ದೆ. ನಾನು ಮಾಗಳದವಳು, ಹೊಳೆ ದಂಡೆಯಲ್ಲಿ ಬೆಳೆದವಳು. ನನಗೆ ಗೊತ್ತಿದ್ದದ್ದು ನೀರು, ಎಮ್ಮೆ, ಮಲ್ಲಿಗೆ ಗಿಡ.

ಕುದುರೆಯ ಹುಚ್ಚು ನನ್ನ ಮಾವನವರದು. ಶೇಂಗಾ ವ್ಯಾಪಾರ ಮಾಡಿಕೊಂಡಿದ್ದ ಮನುಷ್ಯ, ಒಂದು ದಿನ ಕಾಳು ಕೊಳ್ಳಲು ಹೋಗಿ ಕುದುರೆ ಹಿಡಿದುಕೊಂಡು ಬಂದರಂತೆ. ಅಲ್ಲಿಂದ ಶುರುವಾದದ್ದು ಲಾಯ. ನಮ್ಮಲ್ಲಿ ಕುದುರೆಗೆ ಹೆಸರಿಡುವುದಿಲ್ಲ, ಬಣ್ಣ ಹೇಳಿ ಕರೆಯುತ್ತೇವೆ. ಅವುಗಳಲ್ಲಿ ಕಂದು ಹೆಣ್ಣು ಕುದುರೆ ಮಾವನವರ ಜೀವ. ಮೊಣಕಾಲು ನೋವಿದ್ದರೂ ದಿನಾ ಬೆಳಿಗ್ಗೆ ಅದರ ಮೇಲೆ ಕೂತು ಹೊಲದ ಸುತ್ತ ಒಂದು ಸುತ್ತು ಬರುತ್ತಿದ್ದರು.

ಈ ಮನೆಯಲ್ಲಿ ಸೊಸೆ ಮಾವನ ಜೊತೆ ನೇರವಾಗಿ ಮಾತಾಡುವ ಪದ್ಧತಿ ಇರಲಿಲ್ಲ. ಬಂದ ಹೊಸದರಲ್ಲಿ ಅದಕ್ಕೆ ಸಿಟ್ಟು ಬರುತ್ತಿತ್ತು, ಆಮೇಲೆ ಒಂದು ದಾರಿ ಹುಡುಕಿಕೊಂಡೆ. ಮಾವನವರು ಕುದುರೆ ಉಜ್ಜುತ್ತಿರುವಾಗ ನಾನು ಹೋಗಿ ಕುದುರೆಗೆ ಹೇಳುವುದು: "ಚಹಾ ಆಗೈತಿ, ಆರಿ ಹೋಗ್ತೈತಿ ಅಂತ ಹೇಳು." ಅವರು ಕುದುರೆಯ ಬೆನ್ನು ತಟ್ಟುತ್ತ ಅದಕ್ಕೇ ಹೇಳುವುದು: "ಬಂದ್ರು ಅನ್ನು. ಸಕ್ರಿ ಕಮ್ಮಿ ಹಾಕು ಅನ್ನು." ಹೀಗೆ ಎಷ್ಟೋ ವರ್ಷ ಮಾತಾಡಿದೆವು. ಮಕ್ಕಳ ಜ್ವರ, ಬಾವಿಯ ಮೋಟರು, ನನ್ನ ತವರಿನ ಜಗಳ, ಎಲ್ಲವೂ ಆ ಕುದುರೆಯ ಕಿವಿಯ ಮೇಲೆ ಹಾದು ಹೋಗಿವೆ.

ಹೋದ ವರ್ಷ ಬೇಸಿಗೆಯಲ್ಲಿ ಮಾವನವರು ತೀರಿಕೊಂಡರು. ಊಟ ಮಾಡಿ ಲಾಯದ ಮುಂದಿನ ಹೊರಸಿನ ಮೇಲೆ ಅಡ್ಡಾದವರು ಏಳಲಿಲ್ಲ. ಆ ಹೊತ್ತಿಗೆ ಕಂದು ಗಬ್ಬವಾಗಿತ್ತು. ಹಲವಾಗಲು ಕಡೆಯ ಒಬ್ಬರ ಗಂಡು ಕುದುರೆಯನ್ನು ಮಾವನವರು ತಾವೇ ಹೋಗಿ ನೋಡಿ, ಕಾಲು ಮುಟ್ಟಿ, ಹಲ್ಲು ನೋಡಿ, ಅದೇ ಆಗಬೇಕೆಂದು ಹಟ ಹಿಡಿದು ಕೂಡಿಸಿದ್ದರು. ಹುಟ್ಟುವ ಮರಿಯನ್ನು ಅವರು ನೋಡಲಿಲ್ಲ. ಅವರದೆಂದು ನಮಗೆ ಉಳಿದದ್ದು ಆ ಮರಿ ಒಂದೇ ಎನ್ನಿಸಿತ್ತು. ಅದು ಸುಖವಾಗಿ ಭೂಮಿಗೆ ಬೀಳಲಿ ಎಂದು, ಯಾವುದಕ್ಕೂ ಹರಕೆ ಹೊರದ ನಾನು ಹರಕೆ ಹೊತ್ತೆ. ಮನೆ ಮೂಕವಾಗಿತ್ತು. ನನ್ನ ಗಂಡ ಮೊದಲೇ ಮಾತು ಕಡಿಮೆ, ಇದ್ದ ಮಾತೂ ನಿಂತಿತು. ಅತ್ತೆ ಎಲೆ ಅಡಿಕೆ ಬಿಟ್ಟರು. ನಾನು ಪಾತ್ರೆ ಕುಕ್ಕುತ್ತ ಓಡಾಡಿದೆ.

ವಿಜಯದಶಮಿ ಬಂತು. ಅವತ್ತು ನಮ್ಮೂರ ಗುಡಿಯ ಸ್ವಾಮಿ ಬನ್ನಿ ಮುಡಿಯಲು ಹೋಗುವಾಗ ಪಲ್ಲಕ್ಕಿಯ ಮುಂದೆ ನಮ್ಮ ಕುದುರೆ ಜೀನು ಬಿಗಿದುಕೊಂಡು ಖಾಲಿ ನಡೆಯುತ್ತದೆ. ಖಾಲಿ ಎನ್ನುವುದು ನಮ್ಮ ಕಣ್ಣಿಗೆ. ಸ್ವಾಮಿ ಅದರ ಮೇಲೆ ಕೂತಿರುತ್ತಾನೆ ಎಂದೇ ಲೆಕ್ಕ. ಆ ಜೀನಿನ ಮೇಲೆ ಅವತ್ತು ಕೂಸನ್ನೂ ಕೂರಿಸುವುದಿಲ್ಲ, ಟವೆಲನ್ನೂ ಇಡುವುದಿಲ್ಲ. ಲಗಾಮನ್ನು ಜೀನಿಗೆ ಸಿಗಿಸಿರುತ್ತಾರೆ, ಸವಾರ ಹಿಡಿದುಕೊಳ್ಳಲಿ ಎಂದು. ನಡೆಸುವವನ ಕೈಯಲ್ಲಿ ಬೇರೆ ಹಗ್ಗ ಇರುತ್ತದೆ. ಹಲಗೆಯ ಬಡಿತ, ಪಟಾಕಿ ಯಾವುದಕ್ಕೂ ಬೆದರದ್ದು ಕಂದು ಒಂದೇ ಆದ್ದರಿಂದ, ಗಬ್ಬವಿದ್ದರೂ ಅದನ್ನೇ ಒಯ್ದರು. ಮಾವನವರ ಜಾಗದಲ್ಲಿ ಈ ಸಲ ನನ್ನ ಗಂಡ ಹಗ್ಗ ಹಿಡಿದರು.

ಮೆರವಣಿಗೆ ಮುಗಿಸಿ ಬಂದ ಮೇಲೆ ಇಳಿಸುವ ಶಾಸ್ತ್ರ ಒಂದಿದೆ. ಕುದುರೆಯ ಎಡಕ್ಕೆ ನಿಂತು, ಕೈ ಮುಗಿದು, ಮನಿ ಬಂತು, ಇಳೀರಿ ಎಂದು ಬಾಯಿ ಬಿಟ್ಟು ಹೇಳಬೇಕು. ಹೇಳಿ ಕಾಯಬೇಕು. ಕುದುರೆ ತಾನಾಗಿ ಮೈ ಕೊಡವಿದರೆ ಸವಾರ ಇಳಿದಂತೆ. ಆಮೇಲೆಯೇ ಹೊಟ್ಟೆಯ ಪಟ್ಟಿ ಬಿಚ್ಚಿ ಜೀನು ತೆಗೆಯುವುದು. ಮಾವನವರು ಎಷ್ಟು ಹೊತ್ತಾದರೂ ಕಾಯುತ್ತಿದ್ದರು. ಬೆವೆತ ಕುದುರೆ ಯಾವಾಗಲಾದರೂ ಮೈ ಕೊಡವಲೇಬೇಕಲ್ಲ, ಇದಕ್ಕೆ ಸ್ವಾಮಿಯೇ ಇಳಿಯಬೇಕೆ ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ಅವತ್ತು ಸಂಜೆ ನಾನು ಕುದುರೆಯ ಕಾಲಿಗೆ ಹಾಕುವ ನೀರು ತರಲು ಒಳಗೆ ಹೋಗಿದ್ದೆ. ಹೊರಗೆ ಬಂದರೆ ಜೀನು ಆಗಲೇ ಗೂಟದ ಮೇಲಿತ್ತು.

"ಹೇಳಿದ್ರಿಲ್ಲೋ?" ಎಂದೆ.

"ಹೇಳೀನಿ," ಎಂದರು, ನನ್ನ ಮುಖ ನೋಡದೆ.

ಕುದುರೆ ಮೈ ಕೊಡವಿದ್ದನ್ನು ನಾನು ನೋಡಲಿಲ್ಲ. ಕಿವಿ ಹಿಂದಕ್ಕೆ ಹೊರಳಿಸಿ, ಬೆನ್ನ ಮೇಲೆ ಯಾರೋ ಏನೋ ಹೇಳುತ್ತಿದ್ದಾರೆ ಎನ್ನುವ ಹಾಗೆ ನಿಂತಿತ್ತು. ನಾನು ಕಾಲಿಗೆ ನೀರು ಹಾಕಿ, ಬನ್ನಿ ಎಲೆ ಹಂಚಿ, ಅಡುಗೆಗೆ ಹೋದೆ.

ಮರುದಿನದಿಂದ ಒಂದೊಂದೇ ಕಣ್ಣಿಗೆ ಬಿತ್ತು. ಲಾಯದ ಬಾಗಿಲಲ್ಲಿ ಕಂದು ಮೊದಲು ನೇರವಾಗಿ ನುಗ್ಗುತ್ತಿತ್ತು. ಈಗ ಅಗಲಕ್ಕೆ ಸರಿದು, ಕಂಬಕ್ಕೆ ಯಾರದೋ ಮೊಣಕಾಲು ತಾಗೀತು ಎಂಬಂತೆ ಜೋಪಾನವಾಗಿ ದಾಟುತ್ತಿತ್ತು. ಹೊಲದ ಅಂಚಿನ ಬೇವಿನ ಮರದ ಒಂದು ಕೊಂಬೆ ಕೆಳಕ್ಕೆ ಬಾಗಿದೆ. ಕುದುರೆಗೆ ತಾಗುವುದಿಲ್ಲ, ಮೇಲೆ ಕೂತವರಿಗೆ ತಾಗುತ್ತದೆ. ಸುಮ್ಮನೆ ಮೇಯುತ್ತ ಹೋದ ಕುದುರೆ ಅಲ್ಲಿ ನಿಂತು, ಸ್ವಲ್ಪ ಹೊತ್ತು ಕಾದು, ಆಮೇಲೆ ಮುಂದೆ ಹೋಯಿತು. ಉಳಿದ ನಾಲ್ಕು ಕುದುರೆ ಅದರ ಹತ್ತಿರ ಸುಳಿಯುವುದನ್ನು ಬಿಟ್ಟವು. ಎಲ್ಲಕ್ಕೂ ನನ್ನ ಬಳಿ ಸಮಜಾಯಿಷಿ ಇತ್ತು. ಹೊಟ್ಟೆ ದೊಡ್ಡದಾಗಿದೆ, ಅದಕ್ಕೆ ಅಗಲಕ್ಕೆ ಸರಿಯುತ್ತದೆ. ಕೊಂಬೆಯ ಕೆಳಗೆ ನಿಲ್ಲುವುದು ವರ್ಷಗಳ ರೂಢಿ. ಗಬ್ಬದ ಕುದುರೆ ಸಿಡುಕುತ್ತದೆ, ಉಳಿದವು ದೂರ ಇರುತ್ತವೆ. ಹೀಗೆಲ್ಲ ಹೇಳಿಕೊಂಡು ನಾನು ಹುರುಳಿ ಬೇಯಿಸಿದೆ.

ಆದರೆ ಇಬ್ಬನಿಗೆ ಸಮಜಾಯಿಷಿ ಸಿಗಲಿಲ್ಲ. ಮಳೆ ಬಿಟ್ಟಿತ್ತೆಂದು ಕುದುರೆಗಳನ್ನು ರಾತ್ರಿ ಬಯಲಲ್ಲೇ ಬಿಟ್ಟಿದ್ದೆವು. ಬೆಳಿಗ್ಗೆ ಬೆಳಕು ಹರಿದಾಗ ಹೋದರೆ ಐದೂ ಮೈತುಂಬ ಇಬ್ಬನಿ ಹೊತ್ತು ನಿಂತಿದ್ದವು. ಕಂದುವಿನ ಕುತ್ತಿಗೆ ಒದ್ದೆ, ಪಕ್ಕೆ ಒದ್ದೆ, ತೊಡೆ ಒದ್ದೆ. ಬೆನ್ನ ನಡುವೆ, ಜೀನು ಕೂರುವ ಜಾಗ ಮಾತ್ರ ಒಣಗಿತ್ತು. ಕೈಯಿಟ್ಟು ನೋಡಿದೆ. ಬೆಚ್ಚಗಿತ್ತು. ಆಗಷ್ಟೇ ಯಾರೋ ಎದ್ದು ಹೋದ ಹಾಸಿಗೆಯ ಹಾಗೆ. ಎದ್ದು ಹೋಗಿಲ್ಲ ಎಂದು ಯಾಕೆ ಅನ್ನಿಸಿತೋ, ಕೈ ಸರಕ್ಕನೆ ಹಿಂದಕ್ಕೆ ಎಳೆದುಕೊಂಡೆ. ಅದರ ಮರುದಿನ ನಾನು ಹೋಗುವಷ್ಟರಲ್ಲಿ ನನ್ನ ಗಂಡ ಟವೆಲಿನಿಂದ ಅದರ ಮೈಯೆಲ್ಲ ಒರೆಸುತ್ತಿದ್ದರು. ಆಮೇಲೆ ದಿನಾ ಒರೆಸತೊಡಗಿದರು. ನಾನು ಏಳುವ ಮೊದಲೇ ಎದ್ದು ಹೋಗಿರುತ್ತಿದ್ದರು.

ಇಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಕಂದು ಮಲಗುವುದನ್ನು ಬಿಟ್ಟಿತ್ತು. ಕುದುರೆ ನಿಂತೇ ತೂಕಡಿಸುತ್ತದೆ, ನಿಜ. ಆದರೂ ಗಾಢ ನಿದ್ದೆಗೆ ಸ್ವಲ್ಪ ಹೊತ್ತಾದರೂ ನೆಲಕ್ಕೆ ಒರಗಲೇಬೇಕು. ಇದು ಒರಗಲಿಲ್ಲ. ಐದು ದಿನ ಕಳೆದು ಶೀಗಿ ಹುಣ್ಣಿಮೆ ಬರುವ ಹೊತ್ತಿಗೆ ಅದರ ಕಣ್ಣು ಗುಳಿ ಬಿದ್ದಿದ್ದವು. ಆ ಹುಣ್ಣಿಮೆಗೆ ನಾವು ಭೂಮಿತಾಯಿ ಬಸುರಿ ಎಂದು ಬಯಕೆಯ ಊಟ ಒಯ್ದು ಹೊಲದ ತುಂಬ ಚೆಲ್ಲುತ್ತೇವೆ, ಅದೇ ಚರಗ. ನಾನು ಕಡುಬು, ಪುಂಡಿಪಲ್ಲೆ, ಸಜ್ಜೆ ರೊಟ್ಟಿ ಹೊತ್ತು ಹೋಗುತ್ತಿದ್ದಾಗ ನಡುಮಧ್ಯಾಹ್ನದ ಬಿಸಿಲಲ್ಲಿ ಕಂದು ತೂಕಡಿಸಿ ಮುಂಗಾಲು ಮಡಚಿ ಮುಗ್ಗರಿಸಿತು. ಮೊಣಕಾಲು ಕೆತ್ತಿ ರಕ್ತ ಬಂತು. ಬಿದ್ದದ್ದು ಒರಗುವ ಬದಲು ಹೆದರಿ, ಬೆನ್ನು ನೆಟ್ಟಗೆ ಮಾಡಿ, ಮೇಲಿದ್ದವರನ್ನು ಬೀಳಿಸಬಾರದು ಎಂಬಂತೆ ಮೆಲ್ಲಗೆ ಎದ್ದು ನಿಂತಿತು. ನಾನು ಬುಟ್ಟಿ ಕೆಳಗಿಟ್ಟು ಅಲ್ಲೇ ಅತ್ತುಬಿಟ್ಟೆ.

ಹಗರಿಬೊಮ್ಮನಹಳ್ಳಿಯಿಂದ ದನದ ಡಾಕ್ಟರನ್ನು ಕರೆಸಿದೆ. ಒಳ್ಳೆಯ ಮನುಷ್ಯ. ಬಾಯಿ, ಗೊರಸು, ಕೀಲು, ಹೊಟ್ಟೆ ಎಲ್ಲ ಸಾವಧಾನವಾಗಿ ನೋಡಿದರು. ಮರಿ ಹೊಟ್ಟೆಯಲ್ಲಿ ಚೆನ್ನಾಗಿ ಹೊರಳುತ್ತಿದೆ ಎಂದರು.

"ನೋವು ಎಲ್ಲೂ ಕಾಣವಲ್ದು, ಅಕ್ಕಾರ. ಕೆಲವು ಕುದುರಿ ಅಂಜಿಕಿ ಆದ್ರ ಮಲಗಂಗಿಲ್ಲ. ದಪ್ಪಗ ಹುಲ್ಲು ಹಾಸ್ರಿ, ಶಾಂತ ಇರ್ಲಿ. ಆದ್ರ ಹಿಂಗ ಬೀಳಾಕ ಹತ್ತಿದ್ರ ಒಂದಿನ ಹೊಟ್ಟಿ ಮ್ಯಾಲೆ ಬೀಳ್ತೈತಿ. ಆಗ ಮರಿ ಉಳಿಯಂಗಿಲ್ಲ, ತಾಯೀನೂ ಉಳಿಯೂದು ಕಷ್ಟ."

ಹುಲ್ಲು ಹಾಸಿದೆವು. ಕಂದು ಆ ಮೆತ್ತಗಿನ ಹುಲ್ಲಿನ ನಡುವೆ ನಿಂತು ನಡುಗಿತು.

ಈ ನಡುವೆ ಮನೆ ಬದಲಾಗಿತ್ತು. ಅದು ನನಗೆ ತಡವಾಗಿ ಹೊಳೆಯಿತು. ಗಂಡ ಊಟಕ್ಕೆ ಕೂತಾಗ ಹಾಡು ಗುನುಗುತ್ತಿದ್ದರು. ಅತ್ತೆ ಎಲೆ ಅಡಿಕೆ ಚೀಲ ಮತ್ತೆ ಸೊಂಟಕ್ಕೆ ಸಿಗಿಸಿಕೊಂಡಿದ್ದರು. ಸಂಜೆಯಾದರೆ ಹೊರಸಿನ ಮೇಲೆ ಕೂತು ಲಾಯದ ಕಡೆ ಮುಖ ಮಾಡಿ ಮೆಲ್ಲಗೆ ಮಾತಾಡುತ್ತಿದ್ದರು. ಕುದುರೆಯ ಜೊತೆ ಎಂದುಕೊಂಡಿದ್ದೆ. ಒಂದು ಸಂಜೆ ಹಿಂದಿನಿಂದ ಹೋಗಿ ಕೇಳಿಸಿಕೊಂಡೆ. "ಮೊಣಕಾಲು ನೋವು ಹೆಂಗೈತ್ರಿ?" ಎಂದು ಕೇಳುತ್ತಿದ್ದರು. ಆಮೇಲೆ ಉತ್ತರ ಕೇಳಿಸಿಕೊಳ್ಳುವವರ ಹಾಗೆ ಸುಮ್ಮನಾದರು. ಆಮೇಲೆ ನಕ್ಕರು. ಅತ್ತೆ ನಕ್ಕದ್ದನ್ನು ಬೇಸಿಗೆಯ ನಂತರ ನಾನು ಕೇಳಿದ್ದು ಅದೇ ಮೊದಲು. 

ದೀಪಾವಳಿ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ಕಂದು ಮತ್ತೆ ಬಿತ್ತು, ಈ ಸಲ ಒಂದು ಪಕ್ಕೆಗೆ ವಾಲಿ, ಗೋಡೆಗೆ ಆತುಕೊಂಡು. ಗೋಡೆ ಇಲ್ಲದಿದ್ದರೆ ಹೊಟ್ಟೆಯ ಮೇಲೆಯೇ ಬೀಳುತ್ತಿತ್ತು. ನನ್ನ ಗಂಡ ಅದರ ತಲೆಯನ್ನು ಎದೆಗೆ ಒತ್ತಿ ಹಿಡಿದು ನಿಂತರು. ನನ್ನ ಸಿಟ್ಟು ನೆತ್ತಿಗೇರಿತು.

"ಅವತ್ತು ಹೇಳಿದ್ರೋ ಇಲ್ಲೋ? ಖರೇ ಹೇಳ್ರಿ."

ಅವರು ಕುದುರೆಯ ಹಣೆಯ ಕೂದಲು ಸರಿಪಡಿಸಿದರು.

"ಮರತ್ರೇನು?"

"ಮರತಿಲ್ಲ."

"ಮತ್ಯಾಕ ಹೇಳ್ಲಿಲ್ಲ?"

ಅವರು ಕುದುರೆಯ ಹಣೆಗೆ ಹಣೆ ಹಚ್ಚಿದರು. "ಬನ್ನಿ ಗಿಡದ ಹತ್ರ ಹೊಳ್ಳುವಾಗ ಲಗಾಮು ಜಗ್ಗಿತು. ಎರಡು ಸಲ. ಅಪ್ಪ ಹೆಂಗ ಜಗ್ಗತಿದ್ದ, ಹಂಗ. ನಾ ಹಗ್ಗ ಹಿಡದು ಮುಂದ ಇದ್ದೆ, ಲಗಾಮು ಜೀನಿನ ಮ್ಯಾಲಿತ್ತು. ಹೊಳ್ಳಿ ನೋಡಿದೆ, ಯಾರೂ ಇರ್ಲಿಲ್ಲ. ಮನಿಗೆ ಬಂದು ಎಡಕ್ಕ ನಿಂತೆ. ಬಾಯಿ ಬರ್ಲಿಲ್ಲ. ಅಪ್ಪಗ ಇಳಿ ಅಂತ ಹೆಂಗ ಹೇಳ್ಲಿ? ಬ್ಯಾಸಗ್ಯಾಗ ಒಂದ್ಸಲ ಹೋಗ್ಯಾನ. ನಾನ ಇನ್ನೊಂದ್ಸಲ ಕಳಸ್ಲೇನು?"

 ಗಾಳಿ ನಿಂತಿತ್ತು. ಉಳಿದ ನಾಲ್ಕು ಕುದುರೆ ಬೇಲಿಯ ಆ ಕಡೆ ಸಾಲಾಗಿ ನಿಂತು ನಮ್ಮನ್ನಲ್ಲ, ನಮ್ಮ ತಲೆಗಿಂತ ಸ್ವಲ್ಪ ಮೇಲಕ್ಕೆ ನೋಡುತ್ತಿದ್ದವು.

"ಅತ್ತಿಯವ್ರಿಗೆ ಗೊತ್ತೇನು?"

"ಅವ್ವನ ಮೊದ್ಲು ಗುರುತು ಹಿಡದಾಕಿ. ದೀಪಾವಳಿ ಅಮಾಸಿಗೆ ಹಿರಿಯರಿಗೆ ಎಡಿ ಇಡ್ತೀವಲ್ಲ, ಅದೊಂದು ಉಂಡು ಹೋಗ್ಲಿ ಅಂದ್ಳು. ಅಲ್ಲೀತನಕ ಇರ್ಲಿ."

"ಅಲ್ಲೀತನಕ ಹೊಟ್ಟ್ಯಾಗಿನ ಕೂಸು ಇರ್ತೈತೇನು?" ಎಂದು ಕಿರುಚಿದೆ. "ಅವ್ರ ಬಯಸಿ ಬಯಸಿ ಮಾಡಿದ್ದು ಅದು. ಅದನ್ನ ಕೊಂದು ಅವ್ರನ್ನ ಇಟ್ಕೋತೀರೇನು?"

ಅವರು ಕುದುರೆಯ ತಲೆಯನ್ನು ಮೆಲ್ಲಗೆ ಬಿಟ್ಟರು. ಟವೆಲು ಮುಖಕ್ಕೆ ಒತ್ತಿಕೊಂಡು ಹೊಲದ ಕಡೆ ನಡೆದರು. ನಾನು ಎಂಥ ಮಾತು ಆಡಿದೆ ಎಂದು ಅವರ ಬೆನ್ನು ನೋಡಿದಾಗ ತಿಳಿಯಿತು. ಆದರೂ ತಪ್ಪು ಎನ್ನಿಸಲಿಲ್ಲ, ಈಗಲೂ ಎನ್ನಿಸುವುದಿಲ್ಲ.

ಸೂರ್ಯ ಜಾಲಿ ಸಾಲಿನ ಹಿಂದಕ್ಕೆ ಇಳಿಯುವ ಹೊತ್ತಿಗೆ ಮುಖ ತೊಳೆದು, ತಲೆಯ ಮೇಲೆ ಸೆರಗು ಹೊದ್ದು ಲಾಯಕ್ಕೆ ಹೋದೆ. ಅತ್ತೆ ಹೊರಸಿನ ಮೇಲೆ ಕೂತಿದ್ದರು. ನನ್ನನ್ನು ನೋಡಿದ ಕೂಡಲೇ ಅವರಿಗೆ ತಿಳಿಯಿತು. ತಡೆಯಲಿಲ್ಲ. ಎಲೆ ಅಡಿಕೆ ಚೀಲ ಮುಚ್ಚಿ ದಾರ ಬಿಗಿದರು.

ಕಂದುವಿನ ಎಡಕ್ಕೆ ನಿಂತೆ. ಕೈ ಮುಗಿದೆ. ಶಾಸ್ತ್ರದಂತೆ ಮೊದಲು ಸ್ವಾಮಿಗೇ ಹೇಳಿದೆ: "ಸ್ವಾಮಿ, ಮನಿ ಬಂತು, ಇಳೀರಿ." ಕುದುರೆ ಕಿವಿಯನ್ನೂ ಅಲುಗಿಸಲಿಲ್ಲ. ಲಾಯದಲ್ಲಿ ಶೇಂಗಾ ಹೊಟ್ಟಿನ ವಾಸನೆ, ಬೆವರಿನ ವಾಸನೆ, ಅವೆರಡರ ನಡುವೆ ಬೀಡಿಯ ವಾಸನೆ ಬಂತು. ಮಾವನವರು ಸೇದುತ್ತಿದ್ದದ್ದು ಬೀಡಿ. ನಮ್ಮ ಮನೆಯಲ್ಲಿ ಇನ್ನು ಯಾರೂ ಸೇದುವುದಿಲ್ಲ.

ಕುದುರೆಗೆ ಹೇಳಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಇಳೀಬೇಕಂತ ಹೇಳು ಎಂದರೆ ಮುಗಿಯಿತು, ಅಷ್ಟು ವರ್ಷ ಹಾಗೇ ಮಾತಾಡಿದ್ದೇವೆ. ಆದರೆ ಪಾಪ, ಅದು ಹೇಳಿ ಹೇಳಿಯೇ ಸೋತಿತ್ತು. ತಲೆ ಮೇಲೆತ್ತಿ, ಕುದುರೆಯ ಬೆನ್ನಿಗಿಂತ ಮೇಲೆ, ಮುಖ ಇರಬೇಕಾದ ಜಾಗ ನೋಡಿದೆ. ತಗಡಿನ ಸಂದಿಯಿಂದ ಬೀಳುವ ಬೆಳಕಿನಲ್ಲಿ ಧೂಳು ತೇಲುತ್ತಿತ್ತು. ಒಂದು ಕಡೆ ಮಾತ್ರ ನೇರ ತೇಲುತ್ತಿರಲಿಲ್ಲ, ಯಾರನ್ನೋ ಬಳಸಿ ಸುತ್ತಿ ಹೋಗುತ್ತಿತ್ತು.

"ಮಾವಾರ," ಎಂದೆ. ಆ ಮಾತನ್ನು ಅವರ ಎದುರಿಗೆ ಆಡಿದ್ದು ಅದೇ ಮೊದಲು. "ಮಾವಾರ, ನಾನ್ರಿ. ನೀವು ಬಂದದ್ದು ಎಲ್ಲಾರ್ಗೂ ಸಂತೋಷ ಆಗೈತಿ. ನನಗೂ ಆಗೈತ್ರಿ, ಸುಳ್ಳು ಯಾಕ ಹೇಳ್ಲಿ. ಆದ್ರ ಈಕಿ ಕೈಲಿ ಇಬ್ರನ್ನ ಹೊರಾಕ ಆಗವಲ್ದು. ಕೂಸು ಹೊಟ್ಟ್ಯಾಗ ಐತಿ. ನಿಮ್ಮ ಕಾಲು ಬೀಳ್ತೀನಿ, ಇಳೀರಿ."

ಕಾದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಬೆಳಕಿನ ಗೆರೆ ಗೋಡೆ ಹತ್ತಿ ಕೆಂಪಾಯಿತು. ಆಗ ಕಂದು ಎಡಗಾಲನ್ನು ಸ್ವಲ್ಪ ಅಗಲಕ್ಕೆ ಇಟ್ಟಿತು. ಕುದುರೆ ಸಾಕಿದವರೆಲ್ಲ ನೋಡಿರುತ್ತಾರೆ: ಸವಾರ ಜೀನಿನ ರಿಕಾಪಿನ ಬಳೆಯಲ್ಲಿ ಕಾಲಿಟ್ಟು ಭಾರ ಹಾಕಿ ಇಳಿಯುವಾಗ ಕುದುರೆ ಹಾಗೆ ಕಾಲು ಊರಿಕೊಳ್ಳುತ್ತದೆ. ಅದರ ಮೈ ನನ್ನ ಕಡೆಗೆ ವಾಲಿತು, ಮತ್ತೆ ನೆಟ್ಟಗಾಯಿತು. ನನ್ನ ಸೆರಗಿನ ಅಂಚು ಅಲುಗಿತು. ನಾನು ಯಾಕೋ ಒಂದು ಹೆಜ್ಜೆ ಹಿಂದೆ ಸರಿದು ಜಾಗ ಬಿಟ್ಟೆ. ಆಮೇಲೆ ಕಂದು ತಲೆಯಿಂದ ಬಾಲದವರೆಗೆ ಮೈ ಕೊಡವಿತು. ಮುಂಗಾಲು ಮಡಚಿ, ಹಿಂಗಾಲು ಮಡಚಿ, ಹುಲ್ಲಿನ ಮೇಲೆ ಒರಗಿ, ದೊಡ್ಡ ನಿಟ್ಟುಸಿರು ಬಿಟ್ಟು ಕಣ್ಣು ಮುಚ್ಚಿತು. ಬಾಗಿಲ ಹತ್ತಿರ ನನ್ನ ಗಂಡ ನಿಂತಿದ್ದರು. ಯಾವಾಗ ಬಂದರೋ. ಒಳಗೆ ಬರಲಿಲ್ಲ, ಬಾಗಿಲ ಕಂಬ ಹಿಡಿದು ನೆಲಕ್ಕೆ ಕುಸಿದು ಕೂತರು.

ಸಂಕ್ರಾಂತಿ ಹತ್ತಿರ ಬಂದಾಗ ಕಂದು ಮರಿ ಹಾಕಿತು. ಗಂಡು ಮರಿ, ಹಣೆಯ ಮೇಲೆ ಬಿಳಿ ಬೊಟ್ಟು. ಈಗ ಅದು ಬೇಲಿ ಹಾರುವುದನ್ನು ಕಲಿತು ನನ್ನ ತಲೆ ತಿನ್ನುತ್ತದೆ. ಡಾಕ್ಟರು ಬಂದಾಗಲೆಲ್ಲ ದಪ್ಪಗೆ ಹುಲ್ಲು ಹಾಸಿದ್ದೇ ಉಪಕಾರವಾಯಿತು ಎನ್ನುತ್ತಾರೆ, ಇದ್ದರೂ ಇರಬಹುದು. ಅವರಿಗೆ ನಾನು ಚಹಾ ಕೊಡುತ್ತೇನೆ. ನನ್ನನ್ನು ಬಿಡದಿರುವುದು ಆ ಸಂಜೆಯ ಇನ್ನೊಂದು ಮಾತು.

ಕಂದು ನಿದ್ದೆ ಹೋದ ಮೇಲೆ ನಾನು ಕಣ್ಣೊರೆಸಿಕೊಂಡು ಹೊರಗೆ ಬಂದೆ. ಅತ್ತೆ ಕೂತಲ್ಲೇ ಕೂತಿದ್ದರು.

"ಇಳದ್ರೇನವ್ವಾ?"

"ಇಳದ್ರು, ಅತ್ತಿ."

ಬೈಯುತ್ತಾರೆ, ಅಳುತ್ತಾರೆ ಎಂದುಕೊಂಡೆ. ಅದಕ್ಕೆಲ್ಲ ನನ್ನ ಬಳಿ ಉತ್ತರ ಸಿದ್ಧವಿತ್ತು. ಅವರು ಹೊಲದ ಕಡೆ, ದಾರಿಯ ಕಡೆ, ಬೇವಿನ ಮರದ ಕಡೆ ಕತ್ತು ಉದ್ದ ಮಾಡಿ ನೋಡಿದರು.

"ಎತ್ತಗ ಹೋದ್ರು, ನೋಡಿದೇನು?" ಎಂದರು.

ನಾನು ನೋಡಿರಲಿಲ್ಲ. ಕುದುರೆಯನ್ನೇ ನೋಡುತ್ತಿದ್ದೆ.